ಗಂಟಕ್ಕನ ಕೈಯ ಅಭ್ಯಾಸ

ನಮ್ಮ ಕಟ್ಟಡದಲ್ಲಿ ಯಾರ ಮಗ ಬಿಸಿಲು ಮುಖಕ್ಕೆ ಬಡಿಯುವ ತನಕ ಮಲಗಿದರೂ, ಯಾರ ಮಗಳು ತಿಂದ ತಟ್ಟೆಯನ್ನು ಹಾಗೇ ಬಿಟ್ಟು ಮೊಬೈಲು ಹಿಡಿದು ಕೂತರೂ, ಬೈಗುಳ ಕೊನೆಗೆ ನಮ್ಮ ಅತ್ತೆಯ ಹತ್ತಿರ ಬಂದು ನಿಲ್ಲುತ್ತಿತ್ತು. "ಮೇಲಿನ ಮನೆ ಗಂಟಕ್ಕನ್ನ ನೋಡಿ ಕಲಿ! ಆ ವಯಸ್ಸಲ್ಲೂ ಒಂದು ಲೋಟ ಎಂಜಲಾಗಿ ಬಿದ್ದಿರಲ್ಲ ಅವರ ಮನೇಲಿ." ಕಟ್ಟಡದ ಮಕ್ಕಳಿಗೆಲ್ಲ ಅತ್ತೆಯ ಮೇಲೆ ಒಳಗೊಳಗೇ ಸಿಟ್ಟಿತ್ತು ಎಂದು ಕಾಣುತ್ತದೆ. ಅತ್ತೆಗೆ ಅದು ಗೊತ್ತಿತ್ತು. ಮೆಟ್ಟಿಲಲ್ಲಿ ಎದುರಾದರೆ, "ಏನ್ರೋ, ಇವತ್ತು ನನ್ನ ಹೆಸರಲ್ಲಿ ಎಷ್ಟು ಬೈಸಿಕೊಂಡ್ರಿ?" ಎಂದು ಅವರೇ ಕೇಳಿ ನಗುತ್ತಿದ್ದರು.

ಗಂಟಕ್ಕ ಎನ್ನುವುದು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಬಂದ ಹೆಸರು. ಮಾವ ಅದೇ ಆಸ್ಪತ್ರೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಎದೆಯಲ್ಲಿ ಹೊಗೆ ಕಟ್ಟಿಕೊಂಡು, ಕೆಮ್ಮಿ ಕೆಮ್ಮಿ, ತಾವು ಬಿಸಿನೀರು ಕಾಯಿಸಿ ಕಳಿಸುತ್ತಿದ್ದ ವಾರ್ಡಿನಲ್ಲೇ ತೀರಿಕೊಂಡರು. ಅವರ ಜಾಗಕ್ಕೆ ಬದಲಾಗಿ ಅತ್ತೆಗೆ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಆಗ ನನ್ನ ಗಂಡ ಶಾಲೆಗೆ ಹೋಗುವ ಹುಡುಗ, ನಾದಿನಿ ಇನ್ನೂ ಸೊಂಟದ ಮೇಲಿನ ಕೂಸು.

ಆ ಲಾಂಡ್ರಿಯನ್ನು ನಾನು ನೋಡಿದ್ದೇನೆ. ಮದುವೆಯಾದ ಹೊಸದರಲ್ಲಿ, ಅತ್ತೆ ನಿವೃತ್ತರಾಗುವ ಮುಂಚೆ, ಮರೆತ ಊಟದ ಡಬ್ಬಿ ಕೊಡಲು ಹೋಗಿದ್ದೆ. ಒಂದು ಉದ್ದನೆಯ ಹಜಾರ, ನಡುವೆ ಗೋಡೆ. ಗೋಡೆಯ ಆಚೆ ಕೊಳೆ, ಈಚೆ ಮಡಿ. ಕೊಳೆಯ ಕಡೆ ಬರುವ ಚಾದರಗಳಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂದು ಹೇಳಲಾಗದು: ರಕ್ತ, ವಾಂತಿ, ಸೂಜಿ, ಕತ್ತರಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು. ಆ ಗಂಟುಗಳನ್ನು ನಾಲ್ಕು ಮೂಲೆ ಜಗ್ಗಿ, ಗಂಟಿನ ಮೇಲೆ ಗಂಟು ಹಾಕಿ, ಉಸಿರೂ ಹೊರಗೆ ಬಾರದ ಹಾಗೆ ಕಟ್ಟುತ್ತಾರೆ. ಒಗೆದು, ಒಣಗಿಸಿ, ಇಸ್ತ್ರಿಯಾದ ಮೇಲೆ ಈಚೆ ಕಡೆ ಕಟ್ಟುವ ಗಂಟೇ ಬೇರೆ. ಬಟ್ಟೆ ಇನ್ನೂ ಬೆಚ್ಚಗಿರುತ್ತದೆ. ಬಿಗಿದರೆ ಒಳಗೆ ಬೆವತು ಮುಗ್ಗಲು ವಾಸನೆ ಬರುತ್ತದೆ. ಹಾಗಾಗಿ ಮುಷ್ಟಿ ಹೋಗುವಷ್ಟು ಬಾಯಿ ಬಿಟ್ಟು ಸಡಿಲವಾಗಿ ಕಟ್ಟಿ, ಸಾಮಾನಿನ ಲಿಫ್ಟಿಗೆ ಹಾಕಿ, ಹಗ್ಗ ಎಳೆದು ಮೇಲಿನ ವಾರ್ಡಿಗೆ ಕಳಿಸಬೇಕು. ಬಾಗಿಲ ಬಳಿ ಕಟ್ಟಿಟ್ಟ ಗಂಟು ಕೂರಬಾರದು. ಅದು ಯಾರ ಪಾಲಿನದು ಎಂದು ಕೇಳುವಂತೆಯೂ ಇಲ್ಲ, ಮೊದಲು ಕಂಡವಳು ಕಳಿಸಬೇಕು. ಅತ್ತೆ ಯಾವಾಗಲೂ ಮೊದಲು ಕಾಣುವವರು. ಉಳಿದ ಹೆಂಗಸರು ಚಹಾ ಕುಡಿಯುತ್ತಾ, "ಗಂಟಕ್ಕ ಇದ್ದಾಳೆ ಬಿಡೇ" ಎಂದು ಕೂತಿರುತ್ತಿದ್ದರಂತೆ.

"ನಿಮಗೆ ಕೋಪ ಬರ್ತಿರಲಿಲ್ವಾ ಅತ್ತೆ?" ಎಂದು ಕೇಳಿದ್ದೆ.

"ಕೋಪ ಮಾಡ್ಕೊಳ್ಳೋಕೂ ಪುರುಸೊತ್ತು ಬೇಕಲ್ಲೇ."

ಬಾಣಂತನದ ದಿನಗಳಲ್ಲಿ ಅವರು ನನಗೆ ಇನ್ನೊಂದು ಮಾತು ಹೇಳಿದರು. ಮಗಳು ಪುಟ್ಟಿ ಹುಟ್ಟಿದ ಮೇಲೆ ನನಗೆ ಏನೋ ಆಗಿತ್ತು. ಮಗುವನ್ನು ನೋಡಿದರೆ ಪ್ರೀತಿಯೂ ಬರುತ್ತಿರಲಿಲ್ಲ, ಹೆದರಿಕೆಯೂ ಬರುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದೆ. ಅತ್ತೆ ಬುದ್ಧಿವಾದ ಹೇಳಲಿಲ್ಲ. ಬೆಳಗ್ಗೆ ಬಂದು ಚಾದರದ ತುದಿ ಹಿಡಿದು ನಿಲ್ಲುತ್ತಿದ್ದರು.

"ಏಳು. ಮುಖ ತೊಳಿ, ಕಿಟಕಿ ತೆಗಿ, ಹಾಸಿಗೆ ಮಡಿಸು. ಅಳೋದಿದ್ರೆ ಆಮೇಲೆ ಅಳು, ನಾನೇನು ಬೇಡ ಅಂದ್ನಾ?"

"ನನ್ನ ಕೈಲಾಗಲ್ಲ ಅತ್ತೆ."

"ನಿನ್ನ ಕೈಲಿ ಆಗುತ್ತೆ. ನಿನ್ನ ಮನಸ್ಸಲ್ಲಿ ಆಗಲ್ಲ, ಅಷ್ಟೇ. ನಿಮ್ಮ ಮಾವ ಹೋದಾಗ ನನಗೂ ಬುದ್ಧಿ ಕೈ ಕೊಟ್ಟಿತ್ತು. ಕೈ ಮಾತ್ರ ಕೈ ಕೊಡಲಿಲ್ಲ. ಬಟ್ಟೆ ಕಂಡ್ರೆ ತಾನೇ ಮಡಿಸ್ತಿತ್ತು, ಹಸಿದ ಮಕ್ಕಳನ್ನ ಕಂಡ್ರೆ ತಾನೇ ಒಲೆ ಹಚ್ತಿತ್ತು. ಮನಸ್ಸನ್ನ ನಂಬಬೇಡ ಕಣೇ, ಅದು ದಿನಕ್ಕೊಂದು ವೇಷ ಹಾಕುತ್ತೆ. ಕೈಗೆ ಕಲಿಸು."

ಹಾಗೇ ಮಾಡಿದೆ. ಮುಖ, ಕಿಟಕಿ, ಹಾಸಿಗೆ. ಆಮೇಲೆ ಅಳು. ಕ್ರಮೇಣ ಅಳುವುದೇ ಮರೆತುಹೋಗತೊಡಗಿತು. ಒಂದು ದಿನ ಹಾಲು ಕುಡಿಯುತ್ತಿದ್ದ ಪುಟ್ಟಿ ನನ್ನ ಬೆರಳು ಹಿಡಿದು ನಕ್ಕಾಗ ನಾನೂ ನಕ್ಕೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಏನೂ ಕಾಣದವರ ಹಾಗೆ ಒಳಗೆ ಹೋದರು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಒಳ್ಳೆಯ ಅಭ್ಯಾಸ ಬದುಕನ್ನು ಕಾಯುತ್ತದೆ ಎಂಬ ಮಾತನ್ನು ನಾನು ಕೇಳಿ ನಂಬಿದವಳಲ್ಲ, ಅದರ ಮೇಲೆ ಕಾಲೂರಿ ನಿಂತವಳು. ಕುಡಿದ ಲೋಟ ಆಗಲೇ ತೊಳೆಯುವುದು, ಕಾಯಿಲೆಯವರ ಸುದ್ದಿ ಕೇಳಿದ ದಿನವೇ ಹೋಗಿ ನೋಡುವುದು, ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮನೆಗೆ ಹೊರದಿರುವುದು, ಜಗಳವನ್ನು ದಿಂಬಿನ ತನಕ ಒಯ್ಯದಿರುವುದು. ಅತ್ತೆಗೆ ಇವು ನೀತಿಪಾಠಗಳಾಗಿರಲಿಲ್ಲ, ಬಟ್ಟೆ ಮಡಿಸುವ ಹಾಗೆ ಕೈಗೆ ಬಂದ ಕೆಲಸಗಳು. ಅವುಗಳಿಂದಲೇ ಇಬ್ಬರು ಮಕ್ಕಳನ್ನು ದಡ ಸೇರಿಸಿದರು. ನನ್ನ ಗಂಡ ಲಿಫ್ಟ್ ರಿಪೇರಿ ಕಲಿತರು, ನಾದಿನಿ ಹೊಲಿಗೆ ಕಲಿತಳು. ನೆಂಟರ ಮುಂದೆ ಕೈಚಾಚದೆ, ಯಾರ ಹಂಗಿಗೂ ಬೀಳದೆ ಅತ್ತೆ ಅರವತ್ತು ದಾಟಿದರು. ಸುಖ ಎಂದರೆ ಅದೇ ಎಂದು ನಾನು ತಿಳಿದಿದ್ದೆ.

ಪುಟ್ಟಿ ಬೋರಲು ಬೀಳುವುದನ್ನು ಕಲಿತ ಮೇಲೆ ನಾನು ಕೆಲಸಕ್ಕೆ ಮರಳಿದೆ. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸಿ, ಕಿವಿಯ ಹಿಂದೆ ಸರಿಹೊಂದಿಸಿ ಕೊಡುವ ಕೆಲಸ. ಮಗುವನ್ನು ಯಾರ ಕೈಗೆ ಬಿಡಬೇಕೆಂಬ ಯೋಚನೆಯೇ ಬರಲಿಲ್ಲ. ಬೆಳಗ್ಗೆ ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಅತ್ತೆ ಕೈ ತೊಳೆದು, ಒರೆಸಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಎರಡೂ ಕೈ ಚಾಚುತ್ತಿದ್ದರು. ಪುಟ್ಟಿ ನನ್ನ ಸೊಂಟದಿಂದಲೇ ಅವರ ಕಡೆ ಧುಮುಕುತ್ತಿದ್ದಳು. "ಹೋಗು ಹೋಗು, ನಿನ್ನ ಕನ್ನಡಕದವರು ಕುರುಡರಾಗಿ ಕಾಯ್ತಾ ಇರ್ತಾರೆ," ಎಂದು ನನ್ನನ್ನು ಅಟ್ಟುತ್ತಿದ್ದರು.

ಮೊದಲು ಅನುಮಾನ ಪಟ್ಟವಳು ನಾದಿನಿ. ಅವಳು ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಾಳೆ. ಅಮ್ಮನಿಗೆ ಸುಲಭವಾಗಲಿ ಎಂದು ಕರೆಂಟಿನಲ್ಲಿ ನೀರು ಕಾಯಿಸುವ ಕೆಟಲ್ ತಂದುಕೊಟ್ಟಿದ್ದಳು. ಹೇಗೆ ಎಂದು ತೋರಿಸಿಯೂ ಹೋದಳು. ಮಾರನೆಯ ದಿನ ಅತ್ತೆ ಅದನ್ನು ಗ್ಯಾಸ್ ಒಲೆಯ ಮೇಲಿಟ್ಟರು. ಅಡಿಯ ಪ್ಲಾಸ್ಟಿಕ್ಕು ಕರಗಿ ಒಲೆಗೆಲ್ಲ ಮೆತ್ತಿಕೊಂಡು ಮನೆ ತುಂಬಾ ಹೊಗೆ.

"ಹೊಸ ಕಾಲದ ಪಾತ್ರೆ, ಬೆಂಕಿ ಕಂಡ್ರೆ ನಾಚ್ಕೊಂಡು ಕರಗಿಹೋಯ್ತು," ಎಂದರು ಅತ್ತೆ. ಇವರು, ನನ್ನ ಗಂಡ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಸುದ್ದಿ ಕೇಳಿ ಗಂಡನ ಜೊತೆ ಬಂದಿದ್ದ ನಾದಿನಿ ನಗಲಿಲ್ಲ. ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದಳು.

"ಅತ್ತಿಗೆ, ಅಮ್ಮ ಯಾಕೋ ಸರಿ ಇಲ್ಲ. ನನ್ನ ಗಂಡನ್ನ ಇವತ್ತು 'ನೀವು ಯಾವ ವಾರ್ಡಿನವರು' ಅಂತ ಕೇಳಿದ್ರು."

"ತಮಾಷೆ ಮಾಡಿರ್ತಾರೆ ಬಿಡೇ."

"ಅವರೂ ಹಾಗೇ ಅಂದ್ಕೊಂಡು ನಕ್ಕರು. ಅಮ್ಮ ನಗಲಿಲ್ಲ."

ಇವರಿಗೆ ಹೇಳಿದೆ. ಒಪ್ಪಲಿಲ್ಲ. "ಬೆಳಗ್ಗೆ ಎಲ್ಲರಿಗಿಂತ ಮುಂಚೆ ಏಳ್ತಾರೆ. ಹಾಲು ಉಕ್ಕಿಸಲ್ಲ, ಅನ್ನ ಸೀಯಿಸಲ್ಲ. ಮರೆವಿನವರು ಹೀಗಿರ್ತಾರಾ? ನೀನೂ ಸರಿ, ಅವಳೂ ಸರಿ."

ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ನಾನು ಆಮೇಲೆ ಅತ್ತೆಯನ್ನು ಗಮನಿಸಿದೆ. ಹಾಸಿಗೆ ಮಡಿಸಿತ್ತು, ಲೋಟ ತೊಳೆದಿತ್ತು, ಪುಟ್ಟಿಯ ಕತ್ತಿನ ಮಡಿಕೆಯಲ್ಲೂ ಪೌಡರು ಇತ್ತು. ಸಂಜೆ ಬಂದು "ಹೇಗಿತ್ತು ಅತ್ತೆ ಇವತ್ತು?" ಎಂದರೆ, "ಎಲ್ಲಾ ಚೆನ್ನಾಗಿತ್ತು, ತಿಂದ್ಲು, ಮಲಗಿದ್ಲು, ನೀನು ತಿಂದ್ಯಾ?" ಎಂದು ನಾಲಿಗೆ ತುದಿಯಿಂದ ಉತ್ತರ ಬರುತ್ತಿತ್ತು. ನಾನು ಕೆಲಸಕ್ಕೆ ಮರಳಿದ ದಿನದಿಂದ ಬರುತ್ತಿದ್ದ ಉತ್ತರವೇ. ಅದನ್ನು ಹೇಳಲು ಆ ದಿನವನ್ನು ನೆನಪಿಡುವ ಅಗತ್ಯವೇ ಇರಲಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ನಿತ್ಯದ ಕೆಲಸವನ್ನೆಲ್ಲ ಕೈ ಮಾಡುತ್ತಿತ್ತು, ನಿತ್ಯದ ಮಾತನ್ನೆಲ್ಲ ನಾಲಿಗೆ ಆಡುತ್ತಿತ್ತು. ಒಳಗಿನವರು ಎದ್ದು ಹೋಗಿದ್ದರೂ ಮನೆಯಲ್ಲಿ ದೀಪ ಉರಿಯುತ್ತಿತ್ತು.

ನಮ್ಮ ಕಟ್ಟಡ ಮೊದಲು ಬಟ್ಟೆಯ ಗೋದಾಮಾಗಿತ್ತು. ಪ್ರತಿ ಮಹಡಿಯ ಮೆಟ್ಟಿಲ ಬಳಿ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಮರದ ಬಾಗಿಲು, ಅದರೊಳಗೆ ಹಗ್ಗದಿಂದ ಏರಿಳಿಯುವ ಪೆಟ್ಟಿಗೆ. ಬಟ್ಟೆಯ ಥಾನುಗಳನ್ನು ಏರಿಸಲು ಮಾಡಿದ್ದು. ಈಗ ಗ್ಯಾಸ್ ಸಿಲಿಂಡರು, ತರಕಾರಿ ಚೀಲ, ತಾರಸಿಯಲ್ಲಿ ಒಣಗಿಸುವ ಬಟ್ಟೆ ಎಲ್ಲ ಅದರಲ್ಲೇ. ಇವರೇ ಅದಕ್ಕೆ ಎಣ್ಣೆ ಬಿಟ್ಟು, ಹಗ್ಗ ಬದಲಿಸಿ ನೋಡಿಕೊಳ್ಳುತ್ತಿದ್ದರು. ಹಗ್ಗ ಜಗ್ಗಿದರೆ ರಾಟೆಯಿಂದ ಜಾರುತ್ತದೆ, ಸಮವಾಗಿ ಎಳೆಯಿರಿ ಎಂದು ಎಲ್ಲರಿಗೂ ಹೇಳಿಟ್ಟಿದ್ದರು.

ಆ ದಿನ ಪೇಟೆಯಲ್ಲಿ ಕರೆಂಟು ಹೋಗಿ ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿದರು. ನಾನು ಖುಷಿಯಿಂದ, ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದಿತ್ತು. ಹೊಸಿಲ ಪಕ್ಕ ಗಾಳಿ ಬರುವ ಜಾಗದಲ್ಲಿ ಪುಟ್ಟಿಯ ಹಾಸಿಗೆ ಇತ್ತು. ಪುಟ್ಟಿ ಇರಲಿಲ್ಲ. ಅತ್ತೆ ಒಳಗೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದರು.

"ಪುಟ್ಟಿ ಎಲ್ಲಿ ಅತ್ತೆ?"

"ಹ್ಞಾಂ?"

"ಪುಟ್ಟಿ. ಮಲಗಿದ್ದಾಳಾ ಒಳಗೆ?"

ಒಳಗೆ ಹೋಗಿ ನೋಡಿದೆ. ಮಂಚ, ಬಚ್ಚಲು, ಬಾಗಿಲ ಹಿಂದೆ. ಬಚ್ಚಲು ಒದ್ದೆಯಾಗಿತ್ತು, ಟಬ್ಬು ಬೋರಲು ಹಾಕಿತ್ತು. ಸ್ನಾನ ಆಗಿದೆ. ಸ್ನಾನವಾದ ಮೇಲೆ ಅತ್ತೆ ಅವಳನ್ನು ಯಾವಾಗಲೂ ಬಿಳಿ ಚಾದರದಲ್ಲಿ ಸುತ್ತಿ ಗಾಳಿಗೆ ಮಲಗಿಸುವುದು.

"ಇಲ್ಲಿ ಬಾಗಿಲ ಹತ್ತಿರ ಇದ್ಲಲ್ಲ ಅತ್ತೆ, ಯಾರಾದ್ರೂ ಎತ್ಕೊಂಡು ಹೋದ್ರಾ? ಕೆಳಗಿನವರು ಬಂದಿದ್ರಾ?"

ಅತ್ತೆ ಕೈಯಲ್ಲಿದ್ದ ಆಲೂಗಡ್ಡೆಯನ್ನು ಸುಲಿದು ಮುಗಿಸಿ ನೀರಿಗೆ ಹಾಕಿದರು. ಆಮೇಲೆ ನನ್ನ ಕಡೆ ನೋಡಿದರು. ಆ ನೋಟ ನನಗೆ ಪರಿಚಯವಿರಲಿಲ್ಲ. ಕೆಲಸದ ಜಾಗದಲ್ಲಿ ಅಪರಿಚಿತರನ್ನು ನೋಡುವ ಹಾಗಿತ್ತು.

"ಬಾಗಿಲಲ್ಲಿ ಇದ್ದಿದ್ದಾ? ಮೇಲೆ ಕಳಿಸಿದ್ನಲ್ಲ. ಒಣಗಿತ್ತು, ಇನ್ನೂ ಬೆಚ್ಚಗಿತ್ತು. ವಾರ್ಡಿನವರು ಕಾಯ್ತಾ ಇರ್ತಾರೆ."

ಬಿಸ್ಕತ್ತಿನ ಪೊಟ್ಟಣ ನನ್ನ ಕೈಯಲ್ಲೇ ಪುಡಿಯಾಯಿತು.

ಮೆಟ್ಟಿಲ ಬಳಿಯ ಮರದ ಬಾಗಿಲು ತೆಗೆದೆ. ಪೆಟ್ಟಿಗೆ ಇರಲಿಲ್ಲ. ತಲೆ ಒಳಗೆ ಹಾಕಿ ಮೇಲೆ ನೋಡಿದರೆ ನಮ್ಮ ಮಹಡಿಗೂ ತಾರಸಿಗೂ ನಡುವೆ ಅದರ ತಳ ಕತ್ತಲಲ್ಲಿ ನಿಂತಿತ್ತು. ಅರ್ಧ ಎಳೆದು, ಹಗ್ಗವನ್ನು ಗೂಟಕ್ಕೆ ಸುತ್ತಿ ಬಿಟ್ಟಿದ್ದರು. ಒಂದು ಸದ್ದೂ ಇರಲಿಲ್ಲ. "ಪುಟ್ಟೀ" ಎಂದು ಕೂಗಿದ್ದು ನನ್ನದೇ ದನಿಯಾಗಿ ತಿರುಗಿ ಬಂತು. ಆಗಲೂ ಸದ್ದಿಲ್ಲ.

ಕೆಳಗಿನ ಅಂಗಡಿಯ ಟೈಲರಣ್ಣ ಕತ್ತಿಗೆ ಅಳತೆ ಪಟ್ಟಿ ಹಾಕಿಕೊಂಡೇ ಓಡಿ ಬಂದರು. ಮೇಲೆ ಹೋಗಿ ತಾರಸಿಯಿಂದ ಬಗ್ಗಿ ನೋಡಿ ಇಳಿದು ಬಂದರು. "ಕೈಗೆ ಸಿಗಲ್ಲ ತಂಗಿ. ಕೆಳಕ್ಕೇ ಇಳಿಸ್ಬೇಕು. ನಿಧಾನ, ಹಗ್ಗ ಜಾರಿದ್ರೆ..." ಎಂದರು. ಜಾರಿದರೆ ಏನೆಂದು ನಮಗಿಬ್ಬರಿಗೂ ಗೊತ್ತಿತ್ತು. ನಮ್ಮ ಕೆಳಗೆ ನೆಲಮಾಳಿಗೆಯ ತನಕ ಬರೀ ಟೊಳ್ಳು.

ಗೂಟದಿಂದ ಹಗ್ಗ ಬಿಡಿಸಿ ಹಿಡಿದೆ. ಕನ್ನಡಕದ ಕೂದಲೆಳೆಯಂಥ ತಿರುಪು ಕೂರಿಸುವ ಕೈ ನನ್ನದು, ನಡುಗುವುದಿಲ್ಲ ಎಂದು ಹೆಮ್ಮೆ ಪಟ್ಟವಳು ನಾನು. ಆ ಕೈ ಆಗ ಎಲೆಯ ಹಾಗೆ ಅದುರುತ್ತಿತ್ತು. ಒಂದು ಸಲ ಎಳೆದದ್ದಕ್ಕೇ ಮೇಲೆ ರಾಟೆ ಕಿರ್ರೆಂದು ಒಂದು ಕಡೆ ವಾಲಿತು.

"ಜಗ್ಗಬೇಡ ಹುಡುಗಿ!"

ಹಿಂದೆ ಅತ್ತೆ ಬಂದು ನಿಂತಿದ್ದರು. ಕೈ ಒರೆಸಿಕೊಂಡು ಮುಂದೆ ಬಂದರು. "ಹೊಸಬಳಾ ನೀನು? ಹೀಗೆಲ್ಲ ಎಳೆದ್ರೆ ಸೂಪರ್‌ವೈಸರ್ ಬೈತಾರೆ. ಸರಿ ಆ ಕಡೆ."

ನಾನು ಸರಿಯಲಿಲ್ಲ. ಅವರನ್ನು ತಳ್ಳಬೇಕೆನಿಸಿತು. ತಳ್ಳಲೂ ಇಲ್ಲ. ಹಗ್ಗ ಬಿಟ್ಟರೆ ಪೆಟ್ಟಿಗೆ ಬೀಳುತ್ತದೆಂಬ ಹೆದರಿಕೆ, ಹಿಡಿದರೆ ನನ್ನ ನಡುಕಕ್ಕೇ ಬೀಳುತ್ತದೆಂಬ ಹೆದರಿಕೆ. ಟೈಲರಣ್ಣ ಹಿಂದಿನ ಹಗ್ಗವನ್ನು ಎರಡೂ ಕೈಯಿಂದ ತಡೆದು ಹಿಡಿದು, "ಅವರ ಕೈಗೆ ಅದು ಗೊತ್ತು ತಂಗಿ, ಸೇರಿಸ್ಕೋ," ಎಂದರು.

ಅತ್ತೆ ನನ್ನ ಬೆನ್ನಿಗೆ ಎದೆ ತಾಗಿಸಿ ನಿಂತು, ನನ್ನ ಕೈಗಳ ಮೇಲೆ ತಮ್ಮ ಕೈ ಇಟ್ಟರು. ಒರಟು, ಒಣಗಿದ, ಒಗೆಯುವ ಸೋಡಾ ತಿಂದುಹಾಕಿದ ಕೈಗಳು. ಸ್ವಲ್ಪವೂ ಅದುರುತ್ತಿರಲಿಲ್ಲ. "ಬಿಡು... ಹಿಡಿ... ಬಿಡು... ಹಿಡಿ," ಎಂದು ಕಿವಿಯ ಹತ್ತಿರ ಮೆಲ್ಲಗೆ ಹೇಳುತ್ತಾ ಬಂದರು. ನನ್ನ ಮಗುವನ್ನು ಆ ಟೊಳ್ಳಿಗೆ ಕಳಿಸಿದ ಕೈಗಳ ಕೆಳಗೆ ನನ್ನ ಕೈ ಇಟ್ಟುಕೊಂಡು, ಅವು ಹೇಳಿದ ಹಾಗೆ ಬಿಟ್ಟೆ, ಹಿಡಿದೆ. ಪೆಟ್ಟಿಗೆಯ ಅಂಚು ಕಂಡಿತು. ಬಿಳಿ ಬಟ್ಟೆ ಕಂಡಿತು.

ಗಂಟು ಸಡಿಲವಾಗಿತ್ತು. ಬಾಯಿ ತೆರೆದಿತ್ತು. ಮಡಿ ಬಟ್ಟೆಯ ಗಂಟು.

ಅದರೊಳಗೆ ಪುಟ್ಟಿ, ಬೆವರಿಗೆ ಹಣೆಗೆ ಅಂಟಿದ ಕೂದಲು, ತುಟಿ ಅರ್ಧ ತೆರೆದು, ನಿದ್ದೆ ಮಾಡುತ್ತಿದ್ದಳು. ಎತ್ತಿಕೊಂಡ ರಭಸಕ್ಕೆ ಎಚ್ಚರವಾಗಿ ಚೀರಿದಳು. ಆ ಚೀರಾಟ ಕೇಳಿದ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಕೊಳೆಯ ಗಂಟು ಕಟ್ಟಿದ್ದರೆ? ಅದನ್ನು ನಾನು ಯಾರಿಗೂ ಹೇಳಿಲ್ಲ. ಈಗ ಬರೆಯುತ್ತಿರುವುದೇ ಮೊದಲು.

ಅತ್ತೆ ಬಗ್ಗಿ ಮಗುವಿನ ಮುಖ ನೋಡಿದರು. ಅವರ ಮುಖ ಕೆಂಪಾಯಿತು. "ಅಯ್ಯೋ, ಇದ್ಯಾರು ಕೂಸನ್ನ ಬಟ್ಟೆ ಜೊತೆ ಹಾಕಿದ್ದು? ತಲೇಲಿ ಬುದ್ಧಿ ಇದೆಯಾ ಜನಕ್ಕೆ? ನಿನ್ನ ಮಗುವಾ ಇದು? ಸುಮ್ನಿರಬೇಡ ಕಣಮ್ಮ, ಹೋಗಿ ಆಫೀಸಲ್ಲಿ ಕಂಪ್ಲೇಂಟ್ ಕೊಡು!"

ಟೈಲರಣ್ಣ ಮುಖ ಗೋಡೆಗೆ ತಿರುಗಿಸಿಕೊಂಡರು.

ಸಂಜೆ ಇವರು ಬಂದರು. ಹೇಳಿದೆ. ಬಹಳ ಹೊತ್ತು ನಂಬಲಿಲ್ಲ. ಆಮೇಲೆ ನಂಬಿದರು, ಆದರೆ ಒಪ್ಪಲಿಲ್ಲ.

"ಒಂದು ದಿನ ಕೈ ತಪ್ಪಿದೆ. ನಿದ್ದೆಗಣ್ಣಲ್ಲಿ ಏನೋ ಮಾಡಿದ್ದಾರೆ. ಅದಕ್ಕೆ ಅಮ್ಮನ್ನ ಹುಚ್ಚಿ ಅಂತ ಹೆಸರಿಟ್ಟು ಕೂರಿಸ್ತೀಯಾ?"

"ಕೈ ತಪ್ಪಲಿಲ್ಲ ರೀ. ಕೈ ಸರಿಯಾಗೇ ಮಾಡಿದೆ. ಅದೇ ನನ್ನ ಭಯ."

"ಎರಡು ಮಕ್ಕಳನ್ನ ಒಬ್ಬಳೇ ಸಾಕಿದ ಕೈ ಅದು. ನಾನೇನು ಸತ್ತುಹೋದ್ನಾ?"

"ನೀವು ಸಾಯಲಿಲ್ಲ. ನಾಳೆ ಇವಳು ಸತ್ತರೆ ಆಗಲೂ ಇದೇ ಮಾತು ಹೇಳ್ತೀರಾ?"

ಹಾಗೆ ಅನ್ನಬಾರದಿತ್ತೇನೋ. ಆದರೆ ಅಂದದ್ದು ಒಳ್ಳೆಯದಾಯಿತು. ಇವರು ಎದ್ದು ಹೋಗಿ ಮೆಟ್ಟಿಲ ಬಳಿ ಆ ಪೆಟ್ಟಿಗೆಯ ಮುಂದೆ ನಿಂತರು. ದಿನವೂ ಲಿಫ್ಟಿನ ಟೊಳ್ಳಿನೊಳಗೆ ತಲೆ ಹಾಕಿ ದುಡಿಯುವ ಮನುಷ್ಯ, ಆಳ ಅವರಿಗೆ ಹೊಸದಲ್ಲ. ಬಗ್ಗಿ ಕೆಳಗೆ ನೋಡಿದವರು ಅಲ್ಲೇ ಚೌಕಟ್ಟಿಗೆ ಹಣೆ ಒತ್ತಿಕೊಂಡು ಅತ್ತರು. ಒಳಗಿನಿಂದ ಅತ್ತೆ ಕೂಗುತ್ತಿದ್ದರು, "ಯಾರೋ ಅದು ಅಳೋದು? ಮುಖ ತೊಳಿ ಅನ್ನು!"

ಡಾಕ್ಟರು ಚಿಕ್ಕ ವಯಸ್ಸಿನವರು. ಇವತ್ತು ಯಾವ ವಾರ ಎಂದು ಕೇಳಿದರು. "ಗೋಡೆ ಮೇಲೆ ಕ್ಯಾಲೆಂಡರು ನೇತುಹಾಕ್ಕೊಂಡು ನನ್ನ ಕೇಳ್ತೀರಲ್ಲ ಡಾಕ್ಟ್ರೇ, ಕನ್ನಡಕ ಬದಲಿಸ್ಬೇಕು ನೀವು. ನನ್ನ ಸೊಸೆ ಹತ್ರ ಬನ್ನಿ," ಎಂದರು ಅತ್ತೆ. ಡಾಕ್ಟರು ನಕ್ಕರು. ಗಡಿಯಾರದ ಚಿತ್ರ ಬರೆಯಲು ಕಾಗದ ಕೊಟ್ಟರು. ಅತ್ತೆ ದುಂಡಗೆ ಒಂದು ಗೆರೆ ಎಳೆದು, ಪೆನ್ನು ಹಿಡಿದುಕೊಂಡೇ ಕೂತರು. ಕೂತೇ ಇದ್ದರು. ಕೊನೆಗೆ ಕಾಗದವನ್ನು ಅಂಚಿಗೆ ಅಂಚು ಸೇರಿಸಿ, ನೀಟಾಗಿ, ಬಟ್ಟೆಯ ಹಾಗೆ ಮಡಿಸಿ ಡಾಕ್ಟರ ಕೈಗಿತ್ತರು. ಡಾಕ್ಟರ ನಗು ನಿಂತಿತು.

"ಇದು ತುಂಬಾ ದಿನದಿಂದ ಇದೆ. ಅಭ್ಯಾಸ ಇಷ್ಟು ಗಟ್ಟಿ ಇರೋರಲ್ಲಿ ತಡವಾಗಿ ಗೊತ್ತಾಗುತ್ತೆ," ಎಂದರು. "ಮಗುವನ್ನ ಮಾತ್ರ ಇವರೊಬ್ಬರ ಹತ್ತಿರವೇ ಬಿಡಬೇಡಿ. ಇದು ವಾಸಿ ಆಗಲ್ಲ."

ಆ ಭಾನುವಾರ ಇವರು ನಮ್ಮ ಮಹಡಿಯ ಪೆಟ್ಟಿಗೆಯ ಬಾಗಿಲಿಗೆ ಹಲಗೆ ಹೊಡೆದು ಮುಚ್ಚಿದರು. ಅತ್ತೆ ಪಕ್ಕದಲ್ಲಿ ನಿಂತು ಒಂದೊಂದಾಗಿ ಸ್ಕ್ರೂ ಎತ್ತಿ ಕೊಟ್ಟರು. ಮಗ ಯಾವುದೇ ಕೆಲಸ ಮಾಡುವಾಗಲೂ ಅವರು ಹಾಗೇ. "ಗಟ್ಟಿಯಾಗಿ ಹಾಕಪ್ಪ," ಎಂದರು. "ನಿನ್ನ ಹೆಂಡತಿ ಅವತ್ತು ಎಷ್ಟು ಹೆದರಿಬಿಟ್ಲು, ಪಾಪ." ಇವರ ಕೈಯಲ್ಲಿದ್ದ ಸ್ಕ್ರೂಡ್ರೈವರು ಒಂದು ಗಳಿಗೆ ನಿಂತು, ಮತ್ತೆ ತಿರುಗಿತು.

ನಾದಿನಿ ಈಗ ಹೊಲಿಗೆ ಯಂತ್ರವನ್ನೇ ನಮ್ಮ ಮನೆಗೆ ತಂದು ಹಗಲು ಅಮ್ಮನ ಹತ್ತಿರ ಇರುತ್ತಾಳೆ. "ಇಬ್ಬರನ್ನೂ ಒಟ್ಟಿಗೆ ನೋಡ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ ಅತ್ತಿಗೆ, ಒಬ್ಬರ ಕಡೆ ತಿರುಗೋ ಹೊತ್ತಿಗೆ ಇನ್ನೊಬ್ಬರು ಏನು ಮಾಡ್ತಾರೋ," ಎಂದು ಮೊದಲೇ ಹೇಳಿದಳು. ನಿಜವಾದ ಮಾತು. ಪುಟ್ಟಿಯನ್ನು ಅಂಗಡಿಯ ಹಿಂದಿನ ಬೀದಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮನೆಯೊಂದಕ್ಕೆ ಬಿಡುತ್ತೇನೆ.

ಅಭ್ಯಾಸಗಳ ಮೇಲೆ ನನಗೆ ನಂಬಿಕೆ ಹೋಗಿಲ್ಲ. ನಾನು ಈಗಲೂ ಎದ್ದ ಕೂಡಲೇ ಮುಖ ತೊಳೆದು ಕಿಟಕಿ ತೆಗೆಯುತ್ತೇನೆ. ಅದಿಲ್ಲದಿದ್ದರೆ ಈ ದಿನಗಳಲ್ಲಿ ಎದ್ದು ನಿಲ್ಲುತ್ತಿರಲಿಲ್ಲ. ಒಂದನ್ನು ಮಾತ್ರ ಹೊಸದಾಗಿ ಸೇರಿಸಿಕೊಂಡಿದ್ದೇನೆ. ಮನೆಯವರನ್ನು ದಿನಕ್ಕೊಮ್ಮೆಯಾದರೂ, ನಾಲಿಗೆಗೆ ಉತ್ತರ ಸಿದ್ಧವಿಲ್ಲದ ಪ್ರಶ್ನೆ ಕೇಳುತ್ತೇನೆ. ತಿಂದ್ರಾ, ಹೇಗಿದ್ದೀರಿ ಎಂದಲ್ಲ. ಇವತ್ತು ಕಿಟಕಿಯಿಂದ ಏನು ಕಾಣಿಸಿತು? ಯಾರ ಜೊತೆ ಜಗಳ ಆಡಬೇಕೆನಿಸಿತು? ಇವರಿಗೆ ಮೊದಮೊದಲು ಕಿರಿಕಿರಿಯಾಯಿತು, ಈಗ ಯೋಚಿಸಿ ಹೇಳುತ್ತಾರೆ. ಅತ್ತೆಯನ್ನು ವರ್ಷದ ಹಿಂದೆ ಹೀಗೆ ಕೇಳಿದ್ದರೆ ಕಾಯಿಲೆ ನಿಲ್ಲುತ್ತಿರಲಿಲ್ಲ, ಡಾಕ್ಟರು ಅದನ್ನೂ ಹೇಳಿದ್ದಾರೆ. ಆದರೆ ಅವರು ಒಳಗೊಳಗೇ ಒಬ್ಬರೇ ದೂರ ಹೋಗುತ್ತಿದ್ದಾಗ, ಸ್ವಲ್ಪ ದೂರವಾದರೂ ಯಾರಾದರೂ ಜೊತೆಗೆ ನಡೆದ ಹಾಗಾಗುತ್ತಿತ್ತು. ಈಗ ಕೇಳಿದರೆ ಸುಮ್ಮನೆ ನನ್ನ ಮುಖ ನೋಡುತ್ತಾರೆ. "ನೀನು ತಿಂದ್ಯಾ?" ಎನ್ನುತ್ತಾರೆ.

ಬೆಳಗಿನ ಹೊತ್ತು ಕಷ್ಟ.

ನಾನು ಚಪ್ಪಲಿ ಮೆಟ್ಟುವ ಸದ್ದು ಕೇಳಿದರೆ ಅತ್ತೆ ಎದ್ದು ಹೋಗಿ ಕೈ ತೊಳೆಯುತ್ತಾರೆ, ಒರೆಸುತ್ತಾರೆ, ಕುರ್ಚಿಯಲ್ಲಿ ಕೂತು ಎರಡೂ ಕೈ ಚಾಚುತ್ತಾರೆ. ಮೊದಲ ವಾರ, ಕೈ ಖಾಲಿ ಇರಬಾರದೆಂದು, ಬೆಚ್ಚಗೆ ಇಸ್ತ್ರಿ ಮಾಡಿದ ಟವೆಲುಗಳ ಒಂದು ಕಟ್ಟನ್ನು ಅವರ ಮಡಿಲಿಗಿಟ್ಟೆ. ಅದನ್ನು ನೋಡಿದರು, ನನ್ನನ್ನು ನೋಡಿದರು.

"ಇದು ಟವೆಲು."

"ಹೌದು ಅತ್ತೆ, ಮಡಿಸಿ ಅಂತ..."

"ಮಗು ಯಾವುದು ಟವೆಲು ಯಾವುದು ಅಂತ ಗೊತ್ತಾಗದೇ ಇರೋಳು ಅಂದ್ಕೊಂಡಿದ್ದೀಯಾ ನನ್ನ?"

ಟವೆಲು ತೆಗೆದೆ. ಅಂದಿನಿಂದ ನಾಟಕ ಆಡುವುದನ್ನು ಬಿಟ್ಟಿದ್ದೇನೆ. "ಇಲ್ಲ ಅತ್ತೆ, ನಾನೇ ಕರ್ಕೊಂಡು ಹೋಗ್ತೀನಿ," ಎಂದು ನೇರವಾಗಿ ಹೇಳುತ್ತೇನೆ. ಪುಟ್ಟಿ ಮಾತ್ರ ಸೊಂಟದಿಂದ ಅವರ ಕಡೆ ಧುಮುಕುತ್ತಿದ್ದಳು. ಅವಳನ್ನು ಹಿಡಿದೆಳೆದು, ಅಳುವ ಮಗುವನ್ನು ಎದೆಗೆ ಒತ್ತಿಕೊಂಡು, ಚಾಚಿದ ಕೈಗಳನ್ನು ಬಳಸಿಕೊಂಡು ಹೊಸಿಲು ದಾಟಬೇಕಿತ್ತು. ಎಷ್ಟೋ ದಿನ ಟೈಲರಣ್ಣನ ಅಂಗಡಿ ದಾಟುವ ತನಕ ಇಬ್ಬರೂ ಅತ್ತಿದ್ದೇವೆ.

ಇವತ್ತು ಪುಟ್ಟಿ ಧುಮುಕಲಿಲ್ಲ. ಅತ್ತೆ ಕೈ ಚಾಚಿದರು, ಅವಳು ನನ್ನ ಕತ್ತಿನ ಸರವನ್ನು ಬಾಯಿಗಿಟ್ಟುಕೊಂಡು ಮೆಟ್ಟಿಲ ಕಡೆಗೇ ನೋಡುತ್ತಿದ್ದಳು. ಮಕ್ಕಳ ಅಭ್ಯಾಸ ಬೇಗ ಬಿಟ್ಟುಹೋಗುತ್ತದೆ. ಅವಳ ಮುಖವನ್ನು ಅತ್ತೆಯ ಕಡೆ ತಿರುಗಿಸಿದೆ. ಅವಳು ಮತ್ತೆ ಮೆಟ್ಟಿಲ ಕಡೆ ತಿರುಗಿದಳು.

"ನಿದ್ದೆ ಆಗಿಲ್ಲ ಅನ್ಸುತ್ತೆ ಕೂಸಿಗೆ," ಎಂದರು ಅತ್ತೆ. ಕೈ ಇನ್ನೂ ಇಳಿಸಿರಲಿಲ್ಲ. "ಹೋಗು, ನಿನಗೆ ಹೊತ್ತಾಯ್ತು."